ಅಭಿಮಾನಿ ಚಾನೆಲ್ ನಡೆಸುವವರೇ, ‘ಅನುಮತಿ ಪತ್ರ’ಕ್ಕೆ ಸಹಿ ಹಾಕುವ ಮುನ್ನ ಇದನ್ನು ಓದಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ, ‘ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಉತ್ತರ ಬರೆಯಿರಿ’ ಎಂದು ಮಕ್ಕಳಿಗೆ ಹೇಳಿಕೊಂಡು ಬಂದ ನಾನು, ಸಿನಿಮಾ ಹಾಡುಗಳನ್ನು ಬಳಸಲು ಅನುಮತಿ ಕೊಡಿಸುತ್ತೇನೆ ಎಂದು ಕರೆ ಮಾಡಿದವನೊಬ್ಬನನ್ನು ನಂಬಿ, ಆರು ಪುಟಗಳ ಇಂಗ್ಲಿಷ್ ಅಗ್ರಿಮೆಂಟನ್ನು ಒಂದು ಸಲವೂ ಪೂರ್ತಿ ಓದದೆ ಸಹಿ ಹಾಕಿ ಕೊಟ್ಟೆ. ತುಮಕೂರಿನ ಸುತ್ತಮುತ್ತ ಅಭಿಮಾನಿ ಚಾನೆಲ್ ನಡೆಸುವ ಇನ್ನೂ ಇಬ್ಬರಿಗೆ ಇದೇ ಕರೆ ಬಂದಿದೆ ಎಂದು ಮೊನ್ನೆ ಗೊತ್ತಾದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ.

ನನ್ನ ಯೂಟ್ಯೂಬ್ ಚಾನೆಲಿನಲ್ಲಿ ಎರಡು ಬಗೆಯ ವಿಡಿಯೊಗಳಿದ್ದವು. ನಾನು ಚಿಕ್ಕಂದಿನಿಂದ ಮೆಚ್ಚಿಕೊಂಡು ಬಂದ ನಟರೊಬ್ಬರ ಹಳೆಯ ಚಿತ್ರಗಳ ಹಾಡು, ದೃಶ್ಯಗಳ ತುಣುಕುಗಳು ಒಂದು ಬಗೆ. ಕೆಲವಕ್ಕೆ ನನ್ನ ನಾಲ್ಕು ಮಾತು ಸೇರಿಸಿದ್ದೆ, ಹೆಚ್ಚಿನವಕ್ಕೆ ಅದೂ ಇಲ್ಲ. ಗುಬ್ಬಿ, ಕೊರಟಗೆರೆ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕಗಳನ್ನು ನಾನೇ ಮೊಬೈಲಿನಲ್ಲಿ ಹಿಡಿದ ಸುಮಾರು ನಲವತ್ತು ವಿಡಿಯೊಗಳು ಇನ್ನೊಂದು ಬಗೆ. ನಮ್ಮ ಮಾವನವರು ದುರ್ಯೋಧನನ ಪಾತ್ರ ಕಟ್ಟುತ್ತಿದ್ದವರು. ಅವರು ತೀರಿಕೊಂಡು ಮೂರು ವರ್ಷವಾಯಿತು; ಅವರು ಹಾಡಿದ ಕಂದಪದ್ಯಗಳು ಉಳಿದಿರುವುದು ಆ ವಿಡಿಯೊಗಳಲ್ಲಿ ಮಾತ್ರ.

ಸಿನಿಮಾ ತುಣುಕುಗಳು ನನ್ನವಲ್ಲ, ಒಪ್ಪುತ್ತೇನೆ. ‘ಎಲ್ಲ ಹಕ್ಕುಗಳೂ ಮೂಲ ಮಾಲೀಕರದು, ಉಲ್ಲಂಘನೆಯ ಉದ್ದೇಶವಿಲ್ಲ’ ಎಂದು ಕೆಳಗೆ ಬರೆದರೆ ಸಾಕು, 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಯಾರೂ ಕೇಳುವುದಿಲ್ಲ ಎಂದು ಎಲ್ಲರಂತೆ ನಾನೂ ನಂಬಿದ್ದೆ. ಎರಡಕ್ಕೂ ಕಾನೂನಿನಲ್ಲಿ ಆಧಾರವಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ನ್ಯಾಯೋಚಿತವಾಗಿ ಬಳಸಿಕೊಳ್ಳಲು ಅವಕಾಶ ಕೊಡುತ್ತದೆ. ಅಭಿಮಾನ ಎಂಬ ಪದವೇ ಅಲ್ಲಿಲ್ಲ. ಚಿತ್ರ ತೆರೆಕಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ, ಅಂದರೆ 1974ರ ಚಿತ್ರಕ್ಕೆ 2034ರ ಕೊನೆಯವರೆಗೂ ಒಬ್ಬ ಒಡೆಯನಿದ್ದಾನೆ. ಇದೆಲ್ಲ ಈಗ ಗೊತ್ತು. ಆಗ ಇದ್ದದ್ದು ಮನಸ್ಸಿನ ಮೂಲೆಯಲ್ಲೊಂದು ಅಳುಕು, ಕರೆ ಮಾಡಿದವನು ಹಿಡಿದುಕೊಂಡದ್ದು ಆ ಅಳುಕನ್ನೇ.

ಕರೆ ಮಾಡಿದ ಯುವಕ ಬೆಂಗಳೂರಿನ ಡಿಜಿಟಲ್ ಸಂಸ್ಥೆಯೊಂದರವನು, ಹಾಡುಗಳ ಹಕ್ಕುಳ್ಳ ಆಡಿಯೊ ಕಂಪನಿಯ ಪರವಾಗಿ ಮಾತನಾಡುತ್ತಿದ್ದೇನೆ ಎಂದ. ನನ್ನ ಎರಡು ವಿಡಿಯೊಗಳ ಮೇಲೆ ಬಂದಿದ್ದ ನೋಟಿಸುಗಳ ಹೆಸರನ್ನೇ ಹೇಳಿದ. ‘ಸರ್, ಈಗಾಗಲೇ ಎರಡಾಗಿದೆ, ಮೂರನೆಯದು ಬಿದ್ದರೆ ಚಾನೆಲ್ ಹೋಗುತ್ತದೆ, ಆಮೇಲೆ 63ನೇ ಸೆಕ್ಷನ್, ಮೂರು ವರ್ಷ ಜೈಲು’ ಎಂದ. ಯಾವುದೂ ಪೂರ್ತಿ ಸುಳ್ಳಲ್ಲ, ಅದೇ ಅವನ ಜಾಣತನ. ಆ ಕಲಂನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇರುವುದು ನಿಜ. 90 ದಿನಗಳೊಳಗೆ ಮೂರು ಸ್ಟ್ರೈಕ್ (ಹಕ್ಕುಸ್ವಾಮ್ಯ ಉಲ್ಲಂಘನೆಗೆ ಯೂಟ್ಯೂಬ್ ಕೊಡುವ ಎಚ್ಚರಿಕೆ) ಬಿದ್ದರೆ ಚಾನೆಲ್ ಮುಚ್ಚುವುದೂ ನಿಜ. ಆದರೆ ನನಗೆ ಬಂದಿದ್ದವು ಸ್ಟ್ರೈಕ್‌ಗಳೇ ಅಲ್ಲ, ಕಂಟೆಂಟ್ ಐಡಿ ಕ್ಲೈಮ್‌ಗಳು. ಮಾಲೀಕರು ಕೊಟ್ಟಿಟ್ಟ ಮೂಲ ಧ್ವನಿಯೊಂದಿಗೆ ನಮ್ಮ ವಿಡಿಯೊವನ್ನು ಯಂತ್ರವೇ ಹೋಲಿಸಿ ನೋಡುತ್ತದೆ, ತಾಳೆಯಾದರೆ ಜಾಹೀರಾತಿನ ಹಣ ಅವರಿಗೆ ಹೋಗಬಹುದು ಅಥವಾ ಆ ವಿಡಿಯೊ ಕಾಣದಂತಾಗಬಹುದು. ಚಾನೆಲಿಗೆ ಅದರಿಂದ ಸ್ಟ್ರೈಕ್ ಬೀಳುವುದಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿದ್ದಿದ್ದರೆ ಅಂದೇ ಫೋನ್ ಇಟ್ಟುಬಿಡುತ್ತಿದ್ದೆ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಮಾತುಕತೆ ಮುಗಿಯಿತು. (ಬಿಲ್ ಕೊಟ್ಟವನೂ ನಾನೇ.) ‘ಅಭಿಮಾನಿ ಅನುಮತಿ ಶುಲ್ಕ’ ಎಂದು 15,000 ರೂಪಾಯಿಯನ್ನು ಅಲ್ಲೇ ಫೋನಿನಿಂದ ಕಳುಹಿಸಿದೆ. ಛಾಪಾಕಾಗದ ಲಗತ್ತಿಸಿದ್ದ ಆರು ಪುಟಗಳನ್ನು ಅವನು ಒಂದೊಂದಾಗಿ ಮಗುಚುತ್ತ, ಸಹಿ ಮಾಡಬೇಕಾದ ಜಾಗದಲ್ಲಿ ಪೆನ್ಸಿಲಿನ ಗುರುತು ಹಾಕಿ ಕೊಡುತ್ತಿದ್ದ. ಚಟ್ನಿ ತಾಗಿದ್ದ ಬೆರಳನ್ನು ಒರೆಸಿಕೊಂಡು ಸಹಿ ಮಾಡಿದೆ. ನನ್ನ ಪ್ರತಿಯ ನಾಲ್ಕನೇ ಪುಟದಲ್ಲಿ ಆ ಕಲೆ ಇಂದಿಗೂ ಇದೆ. ಆರನೇ ಷರತ್ತು ಇರುವುದೂ ಆ ಪುಟದಲ್ಲೇ.

ಒಂದೂವರೆ ತಿಂಗಳ ಮೇಲೆ ನಮ್ಮ ನಾಟಕಗಳ ಹಾರ್ಮೋನಿಯಂ ಮೇಷ್ಟ್ರು ಫೋನ್ ಮಾಡಿದರು. ನಾನು ಹಿಡಿದಿದ್ದ ನಾಟಕಗಳಲ್ಲೊಂದರ ತುಣುಕು ತನ್ನ ಬಳಿಯಿದ್ದದ್ದನ್ನು ಅವರ ಮೊಮ್ಮಗ ಹಾಕಿದ್ದಾನೆ, ಅದರ ಮೇಲೆ ಯಾವುದೋ ಬೆಂಗಳೂರಿನ ಸಂಸ್ಥೆಯ ಕ್ಲೈಮ್ ಬಂದಿದೆ. ‘ಏನಪ್ಪಾ, ನನ್ನ ಪೆಟ್ಟಿಗೆ ದನೀನೂ ಮಾರಿಬಿಟ್ಯಂತೆ?’ ಎಂದರು. ಸಿಟ್ಟಿನಿಂದ ಕೇಳಿದ್ದರೆ ಚೆನ್ನಾಗಿತ್ತು, ನಗುತ್ತ ಕೇಳಿದರು.

ಆ ರಾತ್ರಿಯೇ ಪರೀಕ್ಷಿಸಲು, ಏನೂ ಹಾಕದೆ ಖಾಲಿಯಿದ್ದ ಇನ್ನೊಂದು ಚಾನೆಲಿನಲ್ಲಿ ಮಾವನವರ ಕಂದಪದ್ಯದ ನನ್ನದೇ ಮೂಲ ವಿಡಿಯೊವನ್ನು ಹಾಕಿ ನೋಡಿದೆ. ಸ್ವಲ್ಪ ಹೊತ್ತಿಗೇ ಕ್ಲೈಮ್ ಬಂತು, ಹಕ್ಕುದಾರರ ಜಾಗದಲ್ಲಿ ಆ ಸಂಸ್ಥೆಯ ಹೆಸರು. ಆ ವಿಡಿಯೊದ ಏಳನೇ ನಿಮಿಷದಲ್ಲಿ ಯಾರೋ ಎರಡು ಸಲ ಕೆಮ್ಮುವುದು ಕೇಳಿಸುತ್ತದೆ. ಚಳಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದ ನಾನೇ ಆ ಕೆಮ್ಮಿದವನು. ನನ್ನ ಮಾವ, ನನ್ನ ಮೊಬೈಲು, ನನ್ನ ಕೆಮ್ಮು, ಒಡೆತನ ಮಾತ್ರ ಅವರದು. ಆಗ ಎದ್ದುಹೋಗಿ ಅಗ್ರಿಮೆಂಟ್ ತೆಗೆದು ಓದಿದೆ. ಚಾನೆಲಿನಲ್ಲಿರುವ ‘ಎಲ್ಲ ಧ್ವನಿ ಮತ್ತು ದೃಶ್ಯ’ಗಳ ಹಕ್ಕನ್ನು ಶಾಶ್ವತವಾಗಿ, ಜಗತ್ತಿನಾದ್ಯಂತ ವರ್ಗಾಯಿಸಿದ್ದೇನೆ ಎಂದು ಆರನೇ ಷರತ್ತು ಹೇಳುತ್ತಿತ್ತು. ಸಿನಿಮಾ ಹಾಡುಗಳನ್ನು ಬಳಸಲು ನನಗೆ ಅನುಮತಿ ಕೊಡುವ ಒಂದು ಸಾಲೂ ಆರು ಪುಟಗಳಲ್ಲಿ ಇರಲಿಲ್ಲ. ನನ್ನದಲ್ಲದ್ದಕ್ಕೆ ಹೆದರಿ, ನನ್ನದನ್ನು ಬರೆದುಕೊಟ್ಟು, ಮೇಲೆ 15,000 ರೂಪಾಯಿ ಕೊಟ್ಟು ಬಂದಿದ್ದೆ.

ಸಹಿ ಮಾಡಿಸಿಕೊಂಡ ಯುವಕನಿಗೆ ಬರೆದೆ. ಮೊದಲ ಉತ್ತರ: ‘ಸರ್, ಅದು ಸಿಸ್ಟಮ್ ಆಟೋಮ್ಯಾಟಿಕ್ ಆಗಿ ಮಾಡುತ್ತೆ, ನಮ್ಮ ಕೈಯಲ್ಲಿಲ್ಲ.’ ಆ ಧ್ವನಿಯನ್ನು ಸಿಸ್ಟಮಿಗೆ ಕೊಟ್ಟವರು ಯಾರು ಎಂದು ಕೇಳಿದ್ದಕ್ಕೆ, ‘ನೀವು ನಮ್ಮ ಫ್ಯಾಮಿಲಿ ಸರ್, ಟೆನ್ಷನ್ ಮಾಡ್ಕೋಬೇಡಿ.’ ಹಣ ವಾಪಸ್ ಕೊಡಿ, ಅಗ್ರಿಮೆಂಟ್ ರದ್ದು ಮಾಡಿ ಎಂದಾಗ ಎರಡು ದಿನ ಮೌನ. ಆಮೇಲೆ ಬಂದದ್ದು ಇದು: ‘ಸರ್, ನೀವು ಮೇಷ್ಟ್ರು. ಓದದೆ ಸಹಿ ಹಾಕ್ತೀರಾ?’

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಓದದೆ ಸಹಿ ಹಾಕಿದ್ದು ನಿಜ. ಹಾಡುಗಳ ನಿಜವಾದ ಹಕ್ಕುದಾರ ಕಂಪನಿಗೆ ಮಿಂಚಂಚೆ ಕಳುಹಿಸಿ ವಿಚಾರಿಸಿದರೆ, ಇಂತಹ ಅನುಮತಿ ಕೊಡುವ ಅಧಿಕಾರವನ್ನು ತಾವು ಯಾರಿಗೂ ಕೊಟ್ಟಿಲ್ಲ ಎಂದು ಎರಡೇ ಸಾಲಿನಲ್ಲಿ ಉತ್ತರ ಬಂತು.

ಪರಿಚಯದ ವಕೀಲರು ಅಗ್ರಿಮೆಂಟ್ ನೋಡಿ ತಲೆ ಅಲ್ಲಾಡಿಸಿದರು. ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿಯಿರಬೇಕು, ಯಾವ ಕೃತಿ ಎಂದು ಗುರುತಿಸಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದಾಗುತ್ತದೆ. ನನ್ನದರಲ್ಲಿ ಎರಡನ್ನೂ ಬರೆದಿದ್ದಾರೆ. ಆದರೆ ಹಾಡಿದವರು, ನುಡಿಸಿದವರಿಗೆ 38ನೇ ಕಲಂ ಕೊಡುವ ಪ್ರದರ್ಶಕರ ಹಕ್ಕು ಪ್ರತ್ಯೇಕವಾದದ್ದು, ಅದನ್ನು ಬರೆದುಕೊಡಲು ನಾನು ಯಾರೂ ಅಲ್ಲ ಎಂದರು. ವಾದಕ್ಕೆ ಅದೊಂದು ದಾರಿ. ಮೇಷ್ಟ್ರನ್ನು ಕೇಳದೆ ಅವರ ಹಾರ್ಮೋನಿಯಂ ಮೇಲೆ ಸಹಿ ಹಾಕಿದ ನನ್ನ ತಪ್ಪಿಗೂ ಅದೇ ಸಾಕ್ಷಿ.

ನಿಮಗೆ ಇಂತಹ ಕರೆ ಬಂದರೆ, ಬಂದಿರುವುದು ಕ್ಲೈಮೋ ಸ್ಟ್ರೈಕೋ ಎಂದು ಮೊದಲು ನಿಮ್ಮ ಚಾನೆಲಿನಲ್ಲೇ ನೋಡಿಕೊಳ್ಳಿ. ಅನ್ಯರ ತುಣುಕು ಹಾಕಿದ್ದರೆ ತೆಗೆದುಬಿಡಿ, ಅದಕ್ಕೆ ಮಧ್ಯವರ್ತಿ ಬೇಕಿಲ್ಲ. ‘ಅಸೈನ್’ (ಹಕ್ಕು ವರ್ಗಾಯಿಸು) ಎಂಬ ಪದ ಎಲ್ಲಿ ಕಂಡರೂ ಪೆನ್ನು ಕೆಳಗಿಡಿ. ‘ನಾವೂ ಅಭಿಮಾನಿಗಳೇ ಸರ್’ ಎನ್ನುವವರಿಗೆ ಇಡ್ಲಿ ಕೊಡಿಸಬೇಡಿ.

ಕ್ಲೈಮ್ ಮೇಲೆ ಆಕ್ಷೇಪಣೆ ಸಲ್ಲಿಸಿದ್ದೇನೆ. ಅವರಿಗೆ ಉತ್ತರಿಸಲು 30 ದಿನಗಳಿವೆ, ಇಂದಿಗೆ ಹತ್ತೊಂಬತ್ತಾಯಿತು. ನಿನ್ನೆ ಸಂಜೆ ಅದೇ ಯುವಕನಿಂದ ಸಂದೇಶ ಬಂತು: ‘ಸರ್, ಹಳೇ ನಾಟಕದ ರೆಕಾರ್ಡಿಂಗ್ ಇನ್ನೂ ಇದ್ದರೆ ತಿಳಿಸಿ, ಒಳ್ಳೆ ವ್ಯೂಸ್ ಬರ್ತಿದೆ.’ ಉತ್ತರ ಕೊಟ್ಟಿಲ್ಲ. ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕಳುಹಿಸಿದ್ದೇನೆ.