ಕೋಲಾರದ ಟೊಮೆಟೊ ದರದ ಎಕ್ಸ್‌ಎಂಎಲ್: ಡಾಮ್, ಜ್ಯಾಕ್ಸ್‌ಬಿ, ಸ್ಟ್ಯಾಕ್ಸ್ – ಯಾವುದು ತಾಳುತ್ತದೆ?

ಟ್ಯಾಗ್‌ಗಳಲ್ಲಿ ಮಾಹಿತಿ ಇಡುವ ಎಕ್ಸ್‌ಎಂಎಲ್ ಕಡತವನ್ನು ಜಾವಾದಲ್ಲಿ ಓದಿ ಡೇಟಾಬೇಸಿಗೆ ಹಾಕಬೇಕು; ಓದುವ ದಾರಿಗಳು ಡಾಮ್, ಜ್ಯಾಕ್ಸ್‌ಬಿ, ಸ್ಟ್ಯಾಕ್ಸ್. ನಮ್ಮ ಕೈಲಿರುವುದು ಕೋಲಾರ ಎಪಿಎಂಸಿಯ ಟೊಮೆಟೊ ಹರಾಜಿನ ಮಾದರಿಯಲ್ಲಿ ಸಿದ್ಧಪಡಿಸಿದ ಲಾಟ್‌ವಾರು (ಹರಾಜಿನ ಒಂದೊಂದು ರಾಶಿಯ) ಎಕ್ಸ್‌ಎಂಎಲ್, ಜಾವಾ 17, ಪೋಸ್ಟ್‌ಗ್ರೆಸ್ ಡೇಟಾಬೇಸ್, 512 ಎಂಬಿ ಹೀಪ್ (ಜಾವಾಗೆ ಸಿಗುವ ಮೆಮೊರಿ). ಮೂರೂ ದಾರಿಗಳನ್ನು ಇದರ ಮೇಲೆಯೇ ಓಡಿಸಿ ನೋಡಿದ್ದೇವೆ.

ಡಾಮ್ ಬರೆಯಲು ಸುಲಭ. ಆದರೆ ಇಡೀ ಕಡತವನ್ನು ಮೆಮೊರಿಗೆ ಏರಿಸುತ್ತದೆ, ಕಡತದ ಹಲವು ಪಟ್ಟು ಜಾಗ ಕೇಳುತ್ತದೆ. ಒಂದು ದಿನದ ಹರಾಜಿಗೆ ಸರಿ. ಇಡೀ ಸೀಸನ್‌ನ ಕಡತ ಕೊಟ್ಟರೆ ಹೀಪ್ ತುಂಬಿ ನಿಂತುಬಿಡುತ್ತದೆ.

ಜ್ಯಾಕ್ಸ್‌ಬಿ ಪ್ರತಿ ಲಾಟನ್ನೂ ಜಾವಾ ಆಬ್ಜೆಕ್ಟ್ ಮಾಡಿಕೊಡುತ್ತದೆ, ಕೋಡ್ ಓದಲು ಹಿತ. ಜಾವಾ 11ರಿಂದ ಅದು ಜೆಡಿಕೆಯೊಳಗಿಲ್ಲ, ಲೈಬ್ರರಿಯನ್ನು ಬೇರೆಯಾಗಿ ಸೇರಿಸಬೇಕು. ಕಡತದ ನೇಮ್‌ಸ್ಪೇಸ್ (ಟ್ಯಾಗ್ ಯಾವ ಗುಂಪಿನದೆಂಬ ಗುರುತು) ಕೋಡಿನದಕ್ಕೆ ಹೊಂದದಿದ್ದರೆ ಹಲವು ಸಲ ಎರರ್ ಕೊಡದೆ ಫೀಲ್ಡ್‌ಗಳನ್ನು ನಲ್ (ಖಾಲಿ) ಆಗಿಯೇ ಬಿಡುವುದು ಇದರ ಕೆಟ್ಟ ಗುಣ. ಮೊದಲ ಕೆಲವು ಲಾಟ್‌ಗಳನ್ನು ಪ್ರಿಂಟ್ ಮಾಡಿ ನೋಡದೆ ಮುಂದೆ ಹೋಗಬೇಡಿ.

ದೊಡ್ಡ ಕಡತಕ್ಕೆ ನಮ್ಮ ಆಯ್ಕೆ ಸ್ಟ್ಯಾಕ್ಸ್. ಒಂದೊಂದೇ ಟ್ಯಾಗ್ ಓದಿ ಮುಂದೆ ಸಾಗುವುದರಿಂದ ಕಡತ ಎಷ್ಟು ಬೆಳೆದರೂ ಮೆಮೊರಿ ಬೆಳೆಯುವುದಿಲ್ಲ. ಪಠ್ಯವನ್ನು, ಟ್ಯಾಗಿನೊಳಗಿನದನ್ನು ಪೂರ್ತಿ ಕೊಡುವ ಗೆಟ್‌ಎಲಿಮೆಂಟ್‌ಟೆಕ್ಸ್ಟ್‌ನಿಂದಲೇ ತೆಗೆಯಿರಿ. ಪಠ್ಯವನ್ನು ತುಂಡುತುಂಡಾಗಿಯೂ ಕೊಡಬಲ್ಲ ಬಿಡಿ ಕ್ಯಾರೆಕ್ಟರ್ಸ್ ಈವೆಂಟ್ ನಂಬಿದರೆ ಬಫರ್ ಮುಗಿಯುವ ಕಡೆ ‘ಶ್ರೀನಿವಾಸಪುರ’ ‘ಶ್ರೀನಿ’ ಎಂದು ತುಂಡಾಗಿ ಟೇಬಲ್ ಸೇರೀತು. ಡಿಟಿಡಿ (ಕಡತದ ರಚನೆ ಹೇಳುವ, ಬೇರೆ ಕಡತಗಳನ್ನೂ ಎಳೆದು ತರಬಲ್ಲ ಭಾಗ) ಬೆಂಬಲವನ್ನು ಆಫ್ ಮಾಡಿ, ಹೊರಗಿನಿಂದ ಬಂದ ಕಡತಕ್ಕೆ ಇದು ಕಡ್ಡಾಯ. ಸ್ಟ್ಯಾಕ್ಸ್‌ಗೆ ಅಕ್ಷರ ಕೊಡುವ ರೀಡರ್ ಬದಲು ಕಚ್ಚಾ ಬೈಟ್ ಕೊಡುವ ಇನ್‌ಪುಟ್‌ಸ್ಟ್ರೀಮ್ ಕೊಡಿ: ಜಾವಾ 17ರವರೆಗೆ ಫೈಲ್‌ರೀಡರ್ ವಿಂಡೋಸಿನ ಎನ್‌ಕೋಡಿಂಗ್ ಹಿಡಿದು ಕನ್ನಡ ಹೆಸರುಗಳನ್ನು ಕೆಡಿಸುತ್ತದೆ.

ಎರಡನ್ನೂ ಬೆರೆಸಬಹುದು: ಸ್ಟ್ಯಾಕ್ಸ್‌ನಿಂದ ಲಾಟ್ ತನಕ ಹೋಗಿ, ಆ ಒಂದನ್ನು ಜ್ಯಾಕ್ಸ್‌ಬಿಗೆ ಕೊಡುವುದು. ಜ್ಯಾಕ್ಸ್‌ಬಿ ಅದನ್ನು ಓದಿ ಮುಗಿಸಿದಾಗ ಕರ್ಸರ್ (ಕಡತದಲ್ಲಿ ಓದುತ್ತಿರುವ ಜಾಗ) ಆಗಲೇ ಮುಚ್ಚುವ ಟ್ಯಾಗಿನ ಆಚೆಗಿರುತ್ತದೆ. ಲಾಟ್‌ಗಳ ನಡುವೆ ಖಾಲಿ ಜಾಗವಿಲ್ಲದ ಕಡತದಲ್ಲಿ ಲೂಪ್ ಮತ್ತೆ ನೆಕ್ಸ್ಟ್ ಕರೆದರೆ ಒಂದು ಬಿಟ್ಟು ಒಂದು ಲಾಟ್ ಕಾಣೆಯಾಗುತ್ತದೆ. ಎಣಿಕೆ ಅರ್ಧವಾಗಿದ್ದರೆ ಮೊದಲು ಇಲ್ಲೇ ಹುಡುಕಿ.

ಹೆಚ್ಚು ಸಮಯ ಹೋಗುವುದು ಓದುವುದಕ್ಕಲ್ಲ, ಡೇಟಾಬೇಸಿಗೆ ಬರೆಯುವುದಕ್ಕೆ. ಆಟೋಕಮಿಟ್ (ಪ್ರತಿ ಸಾಲನ್ನೂ ಕೂಡಲೇ ಖಾಯಂ ಮಾಡುವುದು) ಆಫ್, 1000 ಸಾಲಿಗೊಮ್ಮೆ ಬ್ಯಾಚ್, ಡೇಟಾಬೇಸ್ ಸಂಪರ್ಕದ ಯುಆರ್‌ಎಲ್‌ನಲ್ಲಿ ರೀರೈಟ್‌ಬ್ಯಾಚ್ಡ್‌ಇನ್‌ಸರ್ಟ್ಸ್ (ಹಲವು ಸಾಲುಗಳನ್ನು ಒಂದೇ ಆದೇಶಕ್ಕೆ ಸೇರಿಸುವುದು) ಟ್ರೂ. ಪೋಸ್ಟ್‌ಗ್ರೆಸ್‌ಗೆ ಸಾಲುಗಳನ್ನು ರಾಶಿಯಾಗಿ ಸುರಿಯುವ ಕಾಪಿ ಆದೇಶ ಇದಕ್ಕಿಂತಲೂ ವೇಗ, ಆದರೆ ಬೇರೆ ಸೂಚನೆ ಕೊಡದಿದ್ದರೆ ಒಂದು ಕೆಟ್ಟ ಸಾಲು ಬಂದರೂ ಎಲ್ಲವೂ ರದ್ದು. ಆದ್ದರಿಂದ ಎಲ್ಲ ಕಾಲಂಗಳೂ ಟೆಕ್ಸ್ಟ್ ಆಗಿರುವ ತಾತ್ಕಾಲಿಕ ಟೇಬಲ್‌ಗೆ ಮೊದಲು ಸುರಿಯಿರಿ. ಅಲ್ಲಿಂದ ಮುಖ್ಯ ಟೇಬಲ್‌ಗೆ ಸಾಗಿಸುವಾಗ ‘1,250’ರ ಅಲ್ಪವಿರಾಮ ತೆಗೆದು, ಖಾಲಿ ದರವನ್ನು ನಲ್ ಮಾಡಿ, ಮಾರುಕಟ್ಟೆ, ದಿನಾಂಕ, ಲಾಟ್ ಸಂಖ್ಯೆ ಸೇರಿಸಿದ ಯುನಿಕ್ ಕೀ (ಎರಡು ಸಲ ಬರಲಾಗದ ಗುರುತು) ಇಡಿ, ಮರು ಓಟದಲ್ಲಿ ಸಾಲುಗಳು ಎರಡಾಗುವುದಿಲ್ಲ. ಅಳತೆಗೂ ಒಂದು ಕಾಲಂ ಬೇಕೇ ಬೇಕು: 15 ಕೆಜಿ ಬಾಕ್ಸಿಗೆ 300 ರೂಪಾಯಿ ಎಂದರೆ ಕ್ವಿಂಟಲಿಗೆ 2000.