ಕಕ್ಕಬ್ಬೆ ಕಡೆಯ ಲೋಕಲ್ ಗೈಡ್ ಸರ್ವಿಸ್: ತಡಿಯಂಡಮೋಳ್ ಹತ್ತೋರು ಓದಿ
ತಡಿಯಂಡಮೋಳ್ ಕೊಡಗಲ್ಲೇ ಎತ್ತರದ ಬೆಟ್ಟ, 1748 ಮೀಟರ್, ದಾರಿ ಕಾಣುತ್ತಲ್ಲ ಗೈಡ್ ಯಾಕೆ ಅನ್ನೋರಿಗೆ ಹೇಳ್ತಿದೀನಿ, ದಯವಿಟ್ಟು ಕರ್ಕೊಂಡು ಹೋಗಿ. ನಾಲ್ಕುನಾಡು ಅರಮನೆ ಹತ್ರ ಸಿಕ್ಕಿದ ಗೈಡ್ ಅಣ್ಣ ಹೊರಡೋ ಮುಂಚೆನೇ ಎಲ್ಲರ ಶೂ ಸೋಲ್ ನೋಡಿದ್ರು, ಟಾರ್ಚ್, ರೈನ್‌ಕೋಟ್, ವಿಸಿಲ್ ಇದ್ಯಾ ಕೇಳಿದ್ರು, ಮನೇಲಿ ಯಾರಿಗೆ ಹೇಳಿ ಬಂದಿದೀರ ಅಂತಾನೂ ಕೇಳಿದ್ರು. ತುಂಬಾ ಇಷ್ಟ ಆಯ್ತು.

ಶೋಲಾ ಕಾಡು (ಬೆಟ್ಟದ ಕಣಿವೇಲಿ ಬೆಳೆಯೋ ದಟ್ಟ ಕಾಡು) ದಾಟಿ ಹುಲ್ಲುಗಾವಲಿಗೆ ಬರೋಷ್ಟ್ರಲ್ಲಿ ಮಂಜು ಮುಚ್ಕೊಂಡ್ಬಿಡ್ತು, ಮುಂದೆ ಇರೋರೇ ಕಾಣಲ್ಲ, ಆಗ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ "ತಪ್ಪಿಸ್ಕೊಂಡ್ರೆ ಅಲೀಬೇಡಿ, ಇದ್ದಲ್ಲೇ ಇರಿ, ನಿಮಿಷಕ್ಕೆ 6 ಸಲ ವಿಸಿಲ್ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ, ಸಿಗ್ನಲ್ ಸಿಕ್ಕಿದ್ರೆ 112ಕ್ಕೆ ಕಾಲ್ ಮಾಡಿ" ಅಂದ್ರು. ಹುಡುಕೋಕೆ ಬರೋ ಫಾರೆಸ್ಟ್‌ನೋರು, ಪೊಲೀಸ್ರು, ಊರಿನ ಹುಡುಗ್ರು ಕೂಡ ಅದೇ ಜಾರೋ ದಾರೀಲಿ ಕತ್ತಲಲ್ಲಿ ಓಡಾಡ್ಬೇಕು, ಆನೆ ಭಯ ಬೇರೆ, ಅದನ್ನ ಯಾರೂ ಯೋಚ್ನೆ ಮಾಡಲ್ಲ!

ಮಂಜು ಸರೀಲಿಲ್ಲ, ತುದಿಗೆ ಹೋಗದೆ ವಾಪಸ್ ಕರ್ಕೊಂಡು ಬಂದ್ರು. ಕೆಲವರು ಮುಖ ಸಪ್ಪೆ ಮಾಡ್ಕೊಂಡ್ರು, ನಾನು 5 ಸ್ಟಾರ್ ಕೊಡ್ತಿರೋದೇ ಅದಕ್ಕೆ. ಫಸ್ಟ್ ಏಡ್ ಕಿಟ್ ಮಾತ್ರ ಚಿಕ್ಕದು, ಕ್ರೇಪ್ ಬ್ಯಾಂಡೇಜ್ ಇರ್ಲಿಲ್ಲ, ನೀವೇ ತಗೊಂಡು ಹೋಗಿ. ಮಳೆಗಾಲದಲ್ಲಿ ಜಿಗಣೆಗೆ ಉದ್ದ ಸಾಕ್ಸೂ ಬೇಕು.