ಬದಲಾದ ಅಂಕಿ ಕಣ್ಣಿಗೆ ಬೀಳಲು: ಮಸುಕೋ, ಹಿಗ್ಗೋ, ನೆರಳೋ?

ಸರ್ವರ್‌ಗಳ ಸ್ಥಿತಿ ತೋರಿಸುವ ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಚೌಕದ ಅಂಕಿ ಬದಲಾಯಿತೆಂಬುದು ಕೂಡಲೇ ತಿಳಿಯಬೇಕಿತ್ತು. ಪರದೆ ತುಂಬ ಆಗಲೇ ಕೆಂಪು, ಹಳದಿ, ಹಸಿರು. ಇನ್ನೊಂದು ಬಣ್ಣಕ್ಕೆ ಜಾಗವಿರಲಿಲ್ಲ. ಹಾಗಾಗಿ ಚಪ್ಪಟೆ ಪರದೆಗೆ ಆಳ ತರುವ ಉಪಾಯಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆ.

ಮೊದಲು ಮಸುಕು. ಬದಲಾದ ಚೌಕ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಫೋಕಸ್ ತಪ್ಪಿದ ಫೋಟೊ. ನೋಡಲು ಸೊಗಸು, ಆದರೆ ಒಂದನ್ನು ತೋರಿಸಲು ಮಿಕ್ಕವನ್ನೆಲ್ಲ ಓದಲಾಗದಂತೆ ಮಾಡುವುದು ಡ್ಯಾಶ್‌ಬೋರ್ಡ್‌ಗೆ ಹೇಳಿಮಾಡಿಸಿದ್ದಲ್ಲ.

ಎರಡನೆಯದು ಹಿಗ್ಗು: ಚೌಕ ನಮ್ಮತ್ತ ಬಂದಂತೆ ಕ್ಷಣಕಾಲ ದೊಡ್ಡದಾಗುತ್ತದೆ. ಗಮನ ಸೆಳೆಯುವುದರಲ್ಲಿ ಇದೇ ಮೇಲು. ಹತ್ತಿರ ಬರುವ ವಸ್ತು ಗಮನ ಸೆಳೆದಷ್ಟು ದೂರ ಸರಿಯುವ ವಸ್ತು ಸೆಳೆಯದು ಎಂದು ಮನೋವಿಜ್ಞಾನಿಗಳಾದ ಫ್ರಾಂಕೊನೆರಿ ಮತ್ತು ಸೈಮನ್ಸ್ 2003ರಲ್ಲಿ ತೋರಿಸಿದ್ದರು. ನನ್ನ ಪರದೆಯಲ್ಲೂ ಕುಗ್ಗುವ ಚೌಕ ಯಾರ ಕಣ್ಣಿಗೂ ಬೀಳಲಿಲ್ಲ. ತೊಡಕು ಬೇರೆಡೆ ಇದೆ. ಎರಡು ಚಿತ್ರಗಳ ನಡುವೆ ಅರೆಕ್ಷಣ ಖಾಲಿ ಪರದೆ ಬಂದರೂ ದೊಡ್ಡ ಬದಲಾವಣೆ ತಪ್ಪಿಹೋಗುತ್ತದೆಂದು ಸಂಶೋಧಕ ರೆನ್ಸಿಂಕ್ ಮತ್ತು ಸಂಗಡಿಗರು 1997ರಲ್ಲೇ ತೋರಿಸಿದ್ದಾರೆ. ಫೋನಿನತ್ತ ತಿರುಗಿದವನಿಗೆ ಹಿಗ್ಗು ಮುಗಿದೇ ಹೋಗಿರುತ್ತದೆ.

ನೆರಳು ಗೆದ್ದದ್ದು ಇಲ್ಲೇ. ಅಡಿಯಲ್ಲಿ ನೆರಳು ಬಿದ್ದು ಬದಲಾದ ಚೌಕ ಮೇಲೆದ್ದಂತೆ ಕಾಣುತ್ತದೆ, ಆಮೇಲೆ ನಿಧಾನವಾಗಿ ಕೆಳಗಿಳಿಯುತ್ತದೆ. ತಡವಾಗಿ ನೋಡಿದರೂ ಯಾವುದು ಈಗಷ್ಟೇ ಬದಲಾದದ್ದು, ಯಾವುದು ಆಗಲೇ ಆರಿದ್ದು ಎಂಬುದು ಎತ್ತರದಲ್ಲೇ ಗೊತ್ತಾಗುತ್ತದೆ. ನೆರಳನ್ನು ಬರೀ ಕಪ್ಪಾಗಿಸಿದರೆ ದಪ್ಪ ಅಂಚಿನಂತೆ ಕಾಣುತ್ತದೆ. ಚೌಕದಿಂದ ದೂರ ಸರಿಯುತ್ತ ಅಂಚು ಮೆದುವಾದರೇನೇ ಎದ್ದಂತೆ ಕಾಣುವುದು. ಹಿನ್ನೆಲೆ ಕಪ್ಪಾಗುವ ಡಾರ್ಕ್ ಮೋಡ್‌ನಲ್ಲಿ ಮಾತ್ರ ನೆರಳು ಮಂಗಮಾಯ! ಅಲ್ಲಿ ಗೂಗಲ್‌ನ ವಿನ್ಯಾಸ ಕೈಪಿಡಿ ಮಟೀರಿಯಲ್ ಡಿಸೈನ್ ಹೇಳಿದ್ದ ದಾರಿ ಹಿಡಿದೆ: ಎತ್ತರ ಹೆಚ್ಚಿದಷ್ಟೂ ಚೌಕದ ಮೈಬಣ್ಣ ತಿಳಿ.

ತ್ರೀಡಿ ಹೆಡ್‌ಸೆಟ್ಟನ್ನೂ ಹಾಕಿಕೊಂಡೆ. ಅಂಕಿಗಳು ಮುಖಕ್ಕೇ ಬಂದವು, ಜೊತೆಗೆ ತಲೆನೋವೂ. ಎರಡು ಕಣ್ಣಿನ ನೋಟ ಬೆಸೆದು ಆಳ ಕಾಣಲಾಗದವರೂ ಇದ್ದಾರೆ. ಅವರಿಗೆ ಇದರಿಂದ ಲಾಭವಿಲ್ಲ.

ಈಗ ಇಟ್ಟುಕೊಂಡಿರುವುದು ಬೆರಕೆ: ಚೂರು ಹಿಗ್ಗು, ಆಮೇಲೆ ಇಳಿಯುವ ನೆರಳು. ಫೋನ್ ಅಥವಾ ಕಂಪ್ಯೂಟರಿನಲ್ಲಿ ಚಲನೆ ತಗ್ಗಿಸುವ ಸೆಟ್ಟಿಂಗ್ ಹಾಕಿಕೊಂಡವರಿಗೆ ಹಿಗ್ಗು ಇಲ್ಲ, ನೆರಳಷ್ಟೇ. ಎಲ್ಲ ಚೌಕಗಳೂ ಒಟ್ಟಿಗೆ ಎದ್ದರೆ ಯಾವುದೂ ಎದ್ದಂತಾಗದು. ಅದಕ್ಕೆ ಮಿತಿ ದಾಟಿದ ಅಂಕಿಗೆ ಮಾತ್ರ ಏಳುವ ಹಕ್ಕು.